ಸ್ಕೇಲಿಗಿಂತ ಮೊದಲು ಬೆಂಕಿಪೊಟ್ಟಣ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗಳಿಗೆ ಐದೂವರೆ ವರ್ಷ. ನೂರರ ತನಕ ಸಲೀಸಾಗಿ ಎಣಿಸುತ್ತಾಳೆ. ಆದರೆ ಸ್ಕೇಲ್ ಕೊಟ್ಟು ಪೆನ್ಸಿಲ್ ಅಳೆ ಅಂದರೆ ಯಾವಾಗಲೂ 1ರಿಂದಲೇ ಶುರು ಮಾಡುತ್ತಾಳೆ. ಎಷ್ಟು ಹೇಳಿಕೊಟ್ಟರೂ ಮತ್ತೆ ಅದೇ. ಹಾಲನ್ನು ಉದ್ದ ಲೋಟಕ್ಕೆ ಹಾಕಿದರೆ ಜಾಸ್ತಿ ಇದೆ ಅನ್ನುವ ಹಠ ಬೇರೆ. ಕಲಿಕೆಯಲ್ಲಿ ಹಿಂದೆ ಬಿದ್ದಿದ್ದಾಳೆ ಅನಿಸುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ಭಯ ಬಿಡಿ. ನಿಮ್ಮ ಮಗಳು ತನ್ನ ವಯಸ್ಸಿಗೆ ಸರಿಯಾಗಿಯೇ ಇದ್ದಾಳೆ.

ಲೋಟದ ಹಠವನ್ನು ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಎಷ್ಟೋ ವರ್ಷಗಳ ಹಿಂದೆಯೇ ಗಮನಿಸಿದ್ದರು. ಸುಮಾರು ಏಳು ವರ್ಷದ ತನಕ ಮಕ್ಕಳು ಮಟ್ಟ ಎಲ್ಲಿದೆ ಅಂತ ಮಾತ್ರ ನೋಡುತ್ತಾರೆ, ಅಗಲದ ಕಡೆ ಗಮನ ಹೋಗುವುದಿಲ್ಲ. ಇದು ಬಾಯಲ್ಲಿ ಹೇಳಿ ತಿದ್ದುವಂಥದ್ದಲ್ಲ. ಬಚ್ಚಲಲ್ಲಿ ಒಂದು ಚೊಂಬು, ಎರಡು ಥರದ ಲೋಟ ಇಡಿ. ‘ಚೊಂಬು ತುಂಬೋಕೆ ಎಷ್ಟು ಲೋಟ ಬೇಕು?’ ಅಂತ ಕೇಳಿ. ಮೊದಲು ಊಹೆ ಮಾಡಲಿ, ಆಮೇಲೆ ಸುರಿದು ನೋಡಲಿ. ಊಹೆ ತಪ್ಪಾದರೆ ನೀವು ಸುಮ್ಮನಿರಿ. ನೀರೇ ಹೇಳುತ್ತದೆ.

ಇನ್ನು ಸ್ಕೇಲ್. ಎಣಿಸುವಾಗ ನಾವು ಒಂದರಿಂದ ತಾನೇ ಶುರು ಮಾಡುವುದು? ಅವಳೂ ಅದನ್ನೇ ಮಾಡುತ್ತಿದ್ದಾಳೆ. ಸ್ಕೇಲಿನಲ್ಲಿ ಎಣಿಸಬೇಕಾದ್ದು ಗೆರೆಗಳನ್ನಲ್ಲ, ಗೆರೆಗಳ ನಡುವಿನ ಜಾಗವನ್ನು ಅಂತ ಅವಳಿಗೆ ಯಾರೂ ತೋರಿಸಿಲ್ಲ. ಸ್ವಲ್ಪ ದಿನ ಸ್ಕೇಲನ್ನು ಒಳಗಿಡಿ. ಏಳೆಂಟು ಖಾಲಿ ಬೆಂಕಿಪೊಟ್ಟಣ ಕೂಡಿಡಿ. ಅಡಿಕೆ ಬೇಡ, ಒಂದು ಸಣ್ಣದು ಒಂದು ದಪ್ಪ ಇರುತ್ತದೆ. ಉದ್ದನೆಯ ಕಾಗದದ ಪಟ್ಟಿಯ ಅಂಚಿನಿಂದ ಪೊಟ್ಟಣಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸಲಿ. ನಡುವೆ ಸಂದು ಇರಬಾರದು, ಒಂದರ ಮೇಲೊಂದು ಏರಲೂಬಾರದು. ಮೊದಲ ಪೊಟ್ಟಣ ಎಲ್ಲಿ ಮುಗಿಯಿತೋ ಅಲ್ಲಿ ಗೆರೆ ಎಳೆದು 1 ಬರೆಯಲಿ. ಎರಡನೆಯದು ಮುಗಿದಲ್ಲಿ 2. ಹೀಗೆ ಅವಳದೇ ಒಂದು ಸ್ಕೇಲ್ ಸಿದ್ಧವಾಯಿತು. ಅದರಲ್ಲಿ ಪಟ್ಟಿಯ ಅಂಚಿಗೆ ಅಂಕಿಯೇ ಇಲ್ಲ ನೋಡಿ! ‘ಇನ್ನೂ ಒಂದು ಪೊಟ್ಟಣವೂ ಇಟ್ಟಿಲ್ಲ, ಇಲ್ಲಿ ಏನು ಬರೆಯೋಣ?’ ಅಂತ ಕೇಳಿ. ಸೊನ್ನೆ ಅಂತ ಅವಳ ಬಾಯಿಂದಲೇ ಬರಬೇಕು. ಎರಡು ದಿನ ತಡವಾದರೂ ಪರವಾಗಿಲ್ಲ, ಕಾಯಿರಿ. ನಾನು ಚಿಕ್ಕ ಮಕ್ಕಳ ಜೊತೆ ಕೂತು ಇದನ್ನು ಬಹಳ ಸಲ ಮಾಡಿಸಿದ್ದೇನೆ. ತಾವೇ ಮಾಡಿದ ಪಟ್ಟಿ ಹಿಡಿದು ಮಣೆ, ಬಾಗಿಲು, ಮಲಗಿದ ಬೆಕ್ಕು ಎಲ್ಲವನ್ನೂ ಅಳೆಯುತ್ತಾರೆ. ಆಮೇಲೆ ಅಂಗಡಿಯ ಸ್ಕೇಲ್ ಕೈಗೆ ಬಂದರೆ ಸೊನ್ನೆಯನ್ನು ತಾವೇ ಹುಡುಕುತ್ತಾರೆ.

ನಿಮ್ಮೂರಲ್ಲಿ ಇನ್ನೊಂದು ಆಟಕ್ಕೆ ಒಳ್ಳೆಯ ಅನುಕೂಲ ಇದೆ, ಮಳೆ. ಬಾಯಿ, ಬುಡ ಎರಡೂ ಒಂದೇ ಅಗಲ ಇರುವ ನೆಟ್ಟಗಿನ ಡಬ್ಬಿಯನ್ನು ಅಂಗಳದಲ್ಲಿ ಇಡಿ. ಸೂರಿನ ನೀರು, ಮರದ ಹನಿ ಬೀಳದ ಜಾಗ ನೋಡಿ. ಗಾಳಿಗೆ ಉರುಳದಂತೆ ಸುತ್ತ ಕಲ್ಲು ಕೊಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕಡ್ಡಿ ಅದ್ದಿ, ಒದ್ದೆಯಾದಷ್ಟು ಉದ್ದಕ್ಕೆ ಕಾಗದ ಕತ್ತರಿಸಿ ಗೋಡೆಗೆ ಸಾಲಾಗಿ ಅಂಟಿಸಿ, ನೀರು ಚೆಲ್ಲಿ ಮತ್ತೆ ಇಡಿ. ಯಾವ ದಿನ ಜಾಸ್ತಿ ಮಳೆ ಅಂತ ಓದು ಬಾರದ ಮಗುವೂ ಹೇಳುತ್ತದೆ. ಮುಂದೆ ಸ್ಕೇಲ್ ಬಂದಾಗ ಅದೇ ಕಾಗದಗಳನ್ನು ಅಳೆಯಬಹುದು. ಒಂದು ಸೆಂಟಿಮೀಟರ್ ಅಂದರೆ 10 ಮಿಲಿಮೀಟರ್ ಮಳೆ, ಪೇಪರಿನಲ್ಲಿ ಬರುವ ಲೆಕ್ಕವೂ ಅದೇ. ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ಅಷ್ಟು ನೀರು ನಿಂತರೆ ಮಾಡು ಮುಳುಗುತ್ತೆ ಅಂತ ಹೇಳಿ, ಅವಳ ಕಣ್ಣು ನೋಡಿ.

ಪ್ರಶ್ನೆ: ಮೊಮ್ಮಗನಿಗೆ ಗೇಣು, ಮೊಳ, ಪಾವು, ಸೇರು ಹೇಳಿಕೊಡುತ್ತಿದ್ದೆ. ಸ್ಕೂಲಿನ ಲೆಕ್ಕಕ್ಕೆ ತೊಂದರೆ ಆಗುತ್ತೆ, ಬೇಡ ಅಂತಾಳೆ ಸೊಸೆ. ನಿಲ್ಲಿಸಲಾ? (ಸಾಗರದಿಂದ ಒಬ್ಬ ಅಜ್ಜ)

ಉತ್ತರ: ಖಂಡಿತ ನಿಲ್ಲಿಸಬೇಡಿ. ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ, ಆದರೂ ಹೂವು ಇವತ್ತಿಗೂ ಮೊಳದ ಲೆಕ್ಕದಲ್ಲೇ ಸಿಗುತ್ತದೆ ಅಲ್ವಾ? ನಾಲ್ಕು ಪಾವು ಅಕ್ಕಿ ಸುರಿದರೆ ಸೇರು ತುಂಬುವುದನ್ನು ನೋಡಿದ ಮಗುವಿಗೆ ಕಾಲು ಭಾಗ ಅಂದರೇನು ಅಂತ ಬೇರೆ ಪಾಠ ಬೇಕಿಲ್ಲ.

ಒಂದು ಮಾತು ಮಾತ್ರ ಸೇರಿಸಿಕೊಳ್ಳಿ. ಒಂದೇ ಜಗಲಿಯನ್ನು ನೀವೂ ಅಳೆಯಿರಿ, ಅವನೂ ಗೇಣು ಹಾಕಲಿ. ನಿಮಗೆ ಇಪ್ಪತ್ತು ಬಂದರೆ ಅವನಿಗೆ ಮೂವತ್ತು ದಾಟಬಹುದು. ‘ನಂದೇ ಜಾಸ್ತಿ!’ ಅಂತ ಕುಣಿಯುತ್ತಾನೆ. ಆಗ ಇಬ್ಬರ ಅಂಗೈಯನ್ನೂ ಜೋಡಿಸಿ ಹಿಡಿದು, ಜಗಲಿ ಒಂದೇ ಅಲ್ಲವೇನೋ ಅಂತ ಕೇಳಿ. ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಅನ್ನುವ ಪ್ರಶ್ನೆ ಅವನಿಗೇ ಬಂದ ದಿನ, ಸೊಸೆಯ ಹತ್ತಿರ ಟೇಪ್ ಕೇಳಿ ಇಸ್ಕೊಂಡು ಅವನ ಕೈಗೆ ಕೊಡಿ.