ಬರೆಯುವಾಗ ಮೂರು, ಹೇಳುವಾಗ ಎರಡು

ಪ್ರಶ್ನೆ: ಫ್ರೆಂಚಿನಲ್ಲಿ ‘ಕರೆಯುವುದು’ ಎಂಬ ಕ್ರಿಯಾಪದದ ‘ನೀವು’ ರೂಪವನ್ನು ಎ, ಪಿ, ಪಿ, ಇ, ಎಲ್, ಇ, ಝಡ್ ಎಂದು ಬರೆಯುತ್ತಾರೆ. ಪುಸ್ತಕ ಅದನ್ನು ಮೂರು ತುಂಡಾಗಿ ಒಡೆದಿದೆ, ಆಡಿಯೊದಲ್ಲಿ ಎರಡೇ ಕೇಳುತ್ತದೆ. ಯಾವುದು ಸರಿ? ‘ನಾನು’ ರೂಪದಲ್ಲಿ ಎಲ್ ಎರಡಾಗುವುದೇಕೆ?
– ಓದುಗರು, ಬಿಜೈ, ಮಂಗಳೂರು

ಉತ್ತರ: ಪುಸ್ತಕದ್ದು ಸಾಲಿನ ಕೊನೆಯಲ್ಲಿ ಪದ ಒಡೆಯುವ ಕ್ರಮ, ಎರಡು ಪಿಗಳ ನಡುವೆ ಒಂದು ಗೆರೆ, ಎಲ್‌ಗೆ ಮೊದಲು ಇನ್ನೊಂದು. ಬಾಯಲ್ಲಿ ಬರುವುದು ಅ–ಪ್ಲೆ. ನಡುವಿನ ಇ ಅಕ್ಷರದ್ದು ದುರ್ಬಲ ಸ್ವರ, ಸಾಮಾನ್ಯ ಮಾತಿನಲ್ಲಿ ಬಿದ್ದುಹೋಗುತ್ತದೆ. ನಾವು ‘ಬರುತ್ತದೆ’ ಎಂದು ಬರೆದು ‘ಬರ್ತದೆ’ ಎನ್ನುತ್ತೇವಲ್ಲ, ಹಾಗೆ.

ಕನ್ನಡದವರು ಎಡವುವುದು ಜೋಡಿ ಪಿಯಲ್ಲಿ. ಕಂಡ ಕೂಡಲೇ ‘ಅಪ್ಪ’ದಂತೆ ಒತ್ತಿಬಿಡುತ್ತಾರೆ. ಇಲ್ಲಿ ಇರುವುದು ಒಂದೇ ಪ. ‘ಅಪ್–ಲೆ’ ಎಂದು ಒಡೆದರೂ ತಪ್ಪು. ‘ಅ’ ಹೇಳಿ ಬಿಟ್ಟು, ‘ಪ್ಲೆ’ಯನ್ನು ಒಂದೇ ಉಸಿರಿಗೆ ಹೇಳಬೇಕು. ಹಳಗನ್ನಡದ ಶಿಥಿಲದ್ವಿತ್ವ ಓದಿದವರಿಗೆ ಇದು ಬೇಗ ಹಿಡಿಯುತ್ತದೆ: ಮುಂದೆ ಒತ್ತಕ್ಷರವಿದ್ದೂ ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಮೊದಲಿಗೆ ‘ವೂ’ (ನೀವು) ಸೇರಿಸಿದರೆ, ಅದರ ಕೊನೆಯ ಮೂಕ ಎಸ್ ಎಚ್ಚೆತ್ತು ಮುಂದಿನ ಸ್ವರಕ್ಕೆ ಅಂಟುತ್ತದೆ: ವೂ–ಜ಼–ಪ್ಲೆ. ಈ ಜ಼ ಎಂದರೆ ‘ಸ’ ಹೇಳುತ್ತಲೇ ಗಂಟಲು ಕಂಪಿಸಿದರೆ ಬರುವ ದನಿ.

ಇನ್ನು ಜೋಡಿ ಎಲ್. ವರ್ತಮಾನದಲ್ಲಿ ನಾನು, ನೀನು, ಅವನು, ಅವರು ರೂಪಗಳ ಪ್ರತ್ಯಯ ಕಿವಿಗೆ ಕೇಳಿಸುವುದೇ ಇಲ್ಲ. ಹಾಗಾಗಿ ನಡುವಿನ ಇಯೇ ಕೊನೆಯ ಸ್ವರವಾಗುತ್ತದೆ, ಬೀಳುವಂತಿಲ್ಲ. ಬಾಯಿ ತೆರೆದು ಹೇಳುವ ‘ಎ’ ದನಿಯಾಗುತ್ತದೆ. ಅದನ್ನು ತೋರಿಸಲು ಎಲ್ ಎರಡು. ನಾಲ್ಕಕ್ಕೂ ಉಚ್ಚಾರ ಒಂದೇ, ಅ–ಪೆಲ್. ಕೊನೆಗೆ ಉಕಾರ ಸೇರಿಸಿ ‘ಅಪೆಲ್ಲು’ ಮಾಡಬೇಡಿ. 1990ರ ಕಾಗುಣಿತ ಸುಧಾರಣೆ ಇಂಥ ಹಲವು ಕ್ರಿಯಾಪದಗಳ ಜೋಡಿ ಎಲ್ ತೆಗೆದರೂ ಇದನ್ನು ಮುಟ್ಟಲಿಲ್ಲ. ಭವಿಷ್ಯತ್ತಿನಲ್ಲಿ ಎಲ್ಲ ರೂಪಗಳಿಗೂ ಜೋಡಿ ಎಲ್: ‘ಕರೆಯುವೆನು’ ಎಂಬುದು ಅ–ಪೆಲ್–ರೆ.

ಒಂದು ಕಡೆ ಎಚ್ಚರ ಬೇಕು. ‘ನೀವು ಕರೆಯುತ್ತಿದ್ದಿರಿ’ ಎಂಬ ರೂಪದಲ್ಲಿ ಆ ದುರ್ಬಲ ಇ ಬೀಳುವುದಿಲ್ಲ. ಬಿದ್ದರೆ ಪ, ಲ, ಯ ಮೂರೂ ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಅಲ್ಲಿ ಮೂರು: ಅ–ಪ–ಲ್ಯೆ, ನಡುವಿನ ‘ಪ’ದ ಸ್ವರ ತೀರಾ ಮೆತ್ತಗೆ.

ಅ–ಪ್ಲೆಯ ಎ ದನಿ ಮುಚ್ಚಿದ್ದು, ಅ–ಪೆಲ್‌ನ ಎ ತೆರೆದದ್ದು. ಕನ್ನಡ ಲಿಪಿ ಈ ಭೇದ ತೋರಿಸದು, ಆದರೆ ತುಳು ಬಲ್ಲವರ ಕಿವಿಯಲ್ಲಿ ಅದಿದೆ: ‘ಯಾನ್ ಮಲ್ಪುವೆ’ (ನಾನು ಮಾಡುವೆನು) ಎಂಬುದರ ಕೊನೆ ತೆರೆದದ್ದು, ‘ಆಯೆ ಮಲ್ಪುವೆ’ (ಅವನು ಮಾಡುವನು) ಎಂಬುದರದು ಮುಚ್ಚಿದ್ದು. ಈ ಎರಡನ್ನು ಜೋರಾಗಿ ಹೇಳಿ, ಕೂಡಲೇ ಫ್ರೆಂಚ್ ರೂಪಗಳನ್ನು ಹೇಳಿ.