ಗಾಡಿ ಮಾತು: ಹೊಗೆ ಬಂದ ಕೂಡಲೇ ಬೋರ್‌ಗೆ ಕೊಡಬೇಡಿ

ಪ್ರಶ್ನೆ: ಸರ್, ನಮ್ಮ ಅಪ್ಪನ 1996ರ ಬುಲೆಟ್ 350 ಇದೆ. ಅವರು ತೀರಿಕೊಂಡ ಮೇಲೆ ಅದು ನಾಲ್ಕು ವರ್ಷ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು. ಹೋದ ತಿಂಗಳು ಹೊಸ ಬ್ಯಾಟರಿ ಹಾಕಿ ಚಾಲೂ ಮಾಡಿಸಿದೆ. ಚಾಲೂ ಏನೋ ಆಯಿತು, ಆದರೆ ಹಿಂದೆ ಹೊಗೆಯೋ ಹೊಗೆ. ಕೆಳಗಿನ ಪೈಪಿನಿಂದ ಆಯಿಲ್ ಕೂಡ ಉಗುಳಿತು. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಹೋಗಿದೆ, ಪಿಸ್ಟನ್ ಬದಲಿಸಬೇಕು ಅಂತ ಮಿಸ್ತ್ರಿ ಹೇಳುತ್ತಿದ್ದಾರೆ. ದೀಪಾವಳಿ ಮುಗಿದ ಮೇಲೆ ಬೆಳಗಾವಿ ಮೇಲಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಆಸೆ ಇದೆ. ಅಪ್ಪ ಹೋಗುತ್ತಿದ್ದ ದಾರಿ ಅದು. ಬೋರ್ ಮಾಡಿಸಲಾ?
(ಓದುಗರೊಬ್ಬರು, ಲೋಕಾಪುರ, ಬಾಗಲಕೋಟೆ ಜಿಲ್ಲೆ)

ಉತ್ತರ: ಸದ್ಯಕ್ಕೆ ಬೇಡ. ಇಂಜಿನ್‌ಗೆ ಪಾನಾ ಹಚ್ಚಲೇ ಬೇಡಿ ಅಂತ ಮಿಸ್ತ್ರಿಗೆ ಹೇಳಿ. ನೀವು ಬರೆದ ಎರಡು ಲಕ್ಷಣ, ಹೊಗೆ ಮತ್ತು ಪೈಪಿನಿಂದ ಆಯಿಲ್, ಎರಡೂ ಬಹಳ ದಿನ ನಿಂತ ಹಳೇ ಬುಲೆಟ್ಟಿನಲ್ಲಿ ಸಾಮಾನ್ಯವಾಗಿ ಬರುವಂಥವೇ.

ನಿಮ್ಮದರಂಥ ಹಳೇ ಕಾಸ್ಟ್ ಐರನ್ (ಬೀಡುಕಬ್ಬಿಣದ ಇಂಜಿನ್) ಬುಲೆಟ್ಟಿನಲ್ಲಿ ಆಯಿಲ್ ತುಂಬಿರುವ ಜಾಗ ಬೇರೆ, ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರಾಂಕ್ ತಿರುಗುವ ಜಾಗ ಬೇರೆ. ಆಯಿಲನ್ನು ಅಲ್ಲಿಂದ ಇಲ್ಲಿಗೆ ಕಳಿಸೋದು, ವಾಪಸ್ ತರೋದು ಪಂಪಿನ ಕೆಲಸ. ಗಾಡಿ ತಿಂಗಳುಗಟ್ಟಲೆ ನಿಂತರೆ ಪಂಪಿನ ಸಂದಿಯಿಂದ ಹನಿ ಹನಿಯಾಗಿ ಆಯಿಲ್ ಕ್ರಾಂಕ್ ಕಡೆ ಇಳಿದು ತುಂಬಿಕೊಳ್ಳುತ್ತದೆ. ಇದಕ್ಕೆ ಗ್ಯಾರೇಜಿನಲ್ಲಿ ವೆಟ್ ಸಂಪಿಂಗ್ ಅಂತಾರೆ. ನೀವು ಚಾಲೂ ಮಾಡಿದಾಗ ಫ್ಲೈವೀಲ್ ಆ ಆಯಿಲನ್ನೆಲ್ಲ ಮೇಲಕ್ಕೆ ಎರಚಿದೆ, ಒಂದಿಷ್ಟು ಪಿಸ್ಟನ್ ಸುತ್ತಲಿನ ರಿಂಗ್ ದಾಟಿ ಹೋಗಿ ಸುಟ್ಟು ಹೊಗೆಯಾಗಿದೆ, ಉಳಿದದ್ದು ಇಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನಿಂದ ಹೊರಗೆ ಬಂದಿದೆ, ಅಷ್ಟೇ. ಇಂಜಿನ್ ಕೆಳಗಿನ ಎರಡೂ ಡ್ರೇನ್ ಬೋಲ್ಟ್ ಬಿಚ್ಚಿ ಹಳೇ ಆಯಿಲ್ ಪೂರ್ತಿ ಇಳಿಸಿ. ಫಿಲ್ಟರ್ ಹೊಸದು ಹಾಕಿ, 20ಡಬ್ಲ್ಯೂ-50 ಆಯಿಲ್ ತುಂಬಿ. ಗೇರ್‌ಬಾಕ್ಸ್ ಮತ್ತು ಕ್ಲಚ್ ಕಡೆಯ ಪ್ರೈಮರಿ ಕೇಸ್ ಆಯಿಲ್ ನೋಡೋದನ್ನು ಮರೆಯಬೇಡಿ. ಈ ಗಾಡಿಯಲ್ಲಿ ಮೂರೂ ಕಡೆ ಆಯಿಲ್ ಬೇರೆ ಬೇರೆ. ಆಮೇಲೆ ಊರಿನ ಸುತ್ತ ಒಂದಿಪ್ಪತ್ತು ಕಿಲೋಮೀಟರ್ ನಿಧಾನಕ್ಕೆ ಓಡಿಸಿ.

ಅಷ್ಟಾದ ಮೇಲೂ, ಇಂಜಿನ್ ಬಿಸಿಯಾದಾಗ, ಎಕ್ಸಲೇಟರ್ ಕೊಟ್ಟಾಗೆಲ್ಲ ನೀಲಿ ಹೊಗೆ ಬಂದರೆ ಆಗ ರಿಂಗು, ಬೋರಿನ ಮಾತು. ಬರೀ ಎಕ್ಸಲೇಟರ್ ಬಿಟ್ಟು ಮತ್ತೆ ಕೊಟ್ಟಾಗ ಮಾತ್ರ ಒಂದು ಪುಗ್ಗೆ ಹೊಗೆ ಬರುತ್ತದೆ ಅಂದರೆ ವಾಲ್ವ್ ಗೈಡ್ (ವಾಲ್ವ್ ಜಾರುವ ಕೊಳವೆ) ಸವೆದಿರಬಹುದು, ಅದು ಇಂಜಿನ್ ಮೇಲಿನ ಹೆಡ್ಡಿನ ಕೆಲಸ, ಬೋರಿಗೂ ಅದಕ್ಕೂ ಸಂಬಂಧ ಇಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಇಗ್ನಿಷನ್ ಆಫ್ ಇಟ್ಟು ಕಿಕ್ಕರ್ ಒತ್ತುತ್ತಾ ಬಿಗಿಯಾದ ಜಾಗಕ್ಕೆ ತನ್ನಿ, ಅದರ ಮೇಲೆ ನಿಮ್ಮ ಭಾರ ಬಿಡಿ. ಕಿಕ್ಕರ್ ಕೆಲವು ಸೆಕೆಂಡ್ ನಿಮ್ಮನ್ನು ಹೊತ್ತು ನಿಂತು ಆಮೇಲೆ ಮೆಲ್ಲಗೆ ಇಳಿದರೆ ಕಂಪ್ರೆಷನ್ ಚೆನ್ನಾಗಿದೆ. ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಇಳಿದರೆ ಮಾತ್ರ ಯೋಚನೆ ಮಾಡಬೇಕು.

ಟ್ಯಾಪೆಟ್, ಅಂದರೆ ವಾಲ್ವ್ ಎತ್ತುವ ಭಾಗದ ಸಂದಿ, ನೀವೇ ನೋಡಬಹುದು. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಬಲಗಡೆಯ ಟ್ಯಾಪೆಟ್ ಕವರ್ ತೆಗೆಯಿರಿ, ಒಂದೇ ನಟ್ ಇರುತ್ತದೆ. ಒಳಗೆ ವಾಲ್ವ್‌ಗಳನ್ನು ತಳ್ಳುವ ಎರಡು ಪುಶ್ ರಾಡ್ ಕಾಣುತ್ತವೆ. ಪಿಸ್ಟನ್ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ತಿರುಗದಿದ್ದರೆ ಟೈಟ್, ಆಡಿದರೆ ಲೂಸ್. ಇದಕ್ಕೆ ಬೆರಳೇ ಗೇಜ್. ನಿಮ್ಮ ಅಪ್ಪನೂ ಹೀಗೇ ನೋಡುತ್ತಿದ್ದಿರಬೇಕು. ಪಾಯಿಂಟ್ ಗ್ಯಾಪ್ (ಕಿಡಿ ಹೊತ್ತಿಸುವ ಇಗ್ನಿಷನ್ ಪಾಯಿಂಟುಗಳ ಸಂದಿ) ಮಾತ್ರ ಗೇಜ್ ಹಾಕಿಯೇ 0.4 ಮಿಲಿಮೀಟರ್ ಆಸುಪಾಸು ಇಡಿಸಿ.

ಇನ್ನು ಬೋರಿಗೆ ಅಂತ ಎತ್ತಿಟ್ಟ ದುಡ್ಡು. ಅದನ್ನು ಬ್ರೇಕಿಗೆ ಹಾಕಿ. ಇದನ್ನು ನಾನು ಕಳಕಳಿಯಿಂದ ಹೇಳುತ್ತಿದ್ದೇನೆ. ನಿಮ್ಮ ಗಾಡಿಗೆ ಹಿಂದೆ ಮುಂದೆ ಎರಡೂ ಡ್ರಮ್. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಇಳಿಯುವಾಗ ಒಂದರ ಹಿಂದೊಂದು ತಿರುವು, ಕಾಲು ಬ್ರೇಕಿನ ಮೇಲೇ ಇರುತ್ತದೆ, ಡ್ರಮ್ ಕಾಯುತ್ತದೆ, ಕಾದ ಮೇಲೆ ಒತ್ತಿದಷ್ಟೂ ಹಿಡಿತ ಕಡಿಮೆ. ನಾಲ್ಕು ವರ್ಷ ನಿಂತ ಗಾಡಿಯ ಲೈನರ್ (ಬ್ರೇಕ್ ಶೂ ಮೇಲೆ ಅಂಟಿಸಿದ ಪಟ್ಟಿ) ಗಾಜಿನ ಹಾಗೆ ನುಣುಪಾಗಿರುತ್ತದೆ ಅಥವಾ ಶೂನಿಂದ ಬಿಟ್ಟುಕೊಂಡಿರುತ್ತದೆ. ಹೊಸದೇ ಹಾಕಿಸಿ. ಬ್ರೇಕ್ ಹಿಡಿದಾಗ ಚಕ್ರ ಒಂದು ಸುತ್ತಿಗೆ ಒಂದು ಸಲ ಜಗ್ಗಿದರೆ ಡ್ರಮ್ ದುಂಡಗಿಲ್ಲ ಅಂತ ಅರ್ಥ. ಬೆಳಗಾವಿಯ ಉದ್ಯಮಬಾಗದಲ್ಲಿ ಒಳ್ಳೊಳ್ಳೆಯ ಲೇತ್ ಕೆಲಸದವರಿದ್ದಾರೆ, ಚಕ್ರ ಒಯ್ದು ತೋರಿಸಿ, ತೆಳ್ಳಗೆ ಸವರಿ ಕೊಡುತ್ತಾರೆ. ಮತ್ತೆ ಘಾಟ್ ಇಳಿಯುವಾಗ ಯಾವ ಕಾರಣಕ್ಕೂ ನ್ಯೂಟ್ರಲ್ ಮಾಡಬೇಡಿ. ಸೆಕೆಂಡ್ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿಯಲಿ.

ಕೇಬಲ್ ವಿಷಯ ನನ್ನ ಅನುಭವದಿಂದಲೇ ಹೇಳುತ್ತೇನೆ. ಅದೇ ಘಾಟಿನಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ, ನನ್ನ ಮುಂದಿನ ಬ್ರೇಕ್ ಕೇಬಲ್ ಲಿವರ್ ಹತ್ತಿರವೇ ಹರಿಯಿತು. ಲಿವರ್ ಹ್ಯಾಂಡಲ್ಲಿಗೆ ಬಂದು ತಾಗಿದಾಗ ಎದೆ ಧಸಕ್ ಅಂದದ್ದು ಇವತ್ತಿಗೂ ನೆನಪಿದೆ. ಗೇರಿನಲ್ಲಿದ್ದ ಕಾರಣ ಉಳಿದೆ. ಆಮೇಲೆ ನೋಡಿದರೆ ಸೀಸದ ಗುಂಡಿನ ಬುಡದಲ್ಲಿ ಅರ್ಧ ಎಳೆಗಳು ಮೊದಲೇ ತುಂಡಾಗಿ ತುಕ್ಕು ಹಿಡಿದಿದ್ದವು. ಅಂದರೆ ವಾರಗಟ್ಟಲೆ ಮುಂಚೆಯೇ ಕಾಣಿಸುತ್ತಿತ್ತು, ನಾನು ನೋಡಿರಲಿಲ್ಲ. ಲಿವರ್ ಪೂರ್ತಿ ಒತ್ತಿ ಹಿಡಿದು ಬ್ಯಾಟರಿ ಬೆಳಕು ಬಿಟ್ಟು ಆ ಜಾಗ ನೋಡಿ. ಒಂದೇ ಒಂದು ಎಳೆ ಎದ್ದಿದ್ದರೂ ಬದಲಿಸಿ. ಹೊಸ ಕ್ಲಚ್ ಕೇಬಲ್ ಒಂದನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿ ಇಟ್ಟುಕೊಂಡರೆ ದಾರಿಯಲ್ಲಿ ಹರಿದಾಗ ಟ್ಯಾಂಕ್ ಬಿಚ್ಚುವ ಕಷ್ಟವಿಲ್ಲ, ಎರಡು ತುದಿ ಸಿಕ್ಕಿಸಿದರೆ ಮುಗಿಯಿತು.

ಕಾಗದದ ಕೆಲಸವನ್ನೂ ಈಗಲೇ ಮುಗಿಸಿ. 15 ವರ್ಷ ತುಂಬಿದ ಮೇಲೆ ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಅದಕ್ಕೆ ಫಾರ್ಮ್ 25. ಅಪ್ಪನ ಹೆಸರಿನಿಂದ ನಿಮ್ಮ ಹೆಸರಿಗೆ ಬರಬೇಕಾದರೆ ಫಾರ್ಮ್ 31. ಇವೆರಡೂ, ಜೊತೆಗೆ ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ ಇಲ್ಲದೆ ರಾಜ್ಯದ ಗಡಿ ದಾಟಬೇಡಿ.

ಟ್ಯಾಂಕಿಗೆ ಬಣ್ಣ ಹೊಡೆಸುವ ಯೋಚನೆ ಇದ್ದರೆ ಒಂದು ಮಾತು. ಅದರ ಮೇಲಿನ ಬಂಗಾರದ ಗೆರೆ ಕಂಪನಿಯಲ್ಲಿ ಕೈಯಿಂದ ಎಳೆದದ್ದು. ಕುಂಚ ಎಲ್ಲಿ ಒತ್ತಿದೆ, ಎಲ್ಲಿ ಹಗುರ ಆಗಿದೆ ಅಂತ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ನಾನಾಗಿದ್ದರೆ ಸುಮ್ನೆ ಒರೆಸಿ, ವ್ಯಾಕ್ಸ್ ಹಚ್ಚಿ ಹಾಗೇ ಬಿಡುತ್ತಿದ್ದೆ.

ಪ್ರಶ್ನೆ: ನನ್ನದು 2010ರ ಥಂಡರ್‌ಬರ್ಡ್ ಟ್ವಿನ್‌ಸ್ಪಾರ್ಕ್. ಸೌಂಡ್ ಚೆನ್ನಾಗಿರಲಿ ಅಂತ ಬೇರೆ ಸೈಲೆನ್ಸರ್ ಹಾಕಿಸಿದೆ. ಈಗ ಎಕ್ಸಲೇಟರ್ ಬಿಟ್ಟಾಗ ಪಟ್ ಪಟ್ ಅಂತ ಹೊಡೆಯುತ್ತದೆ, ಇಂಜಿನ್ ಜಾಸ್ತಿ ಕಾಯುತ್ತದೆ. ಟ್ಯಾಪೆಟ್ ಸೆಟ್ ಮಾಡಬೇಕು ಅಂತಾರೆ.
(ಕಾಲೇಜು ವಿದ್ಯಾರ್ಥಿ, ವಿಜಯಪುರ)

ಉತ್ತರ: ತಮ್ಮಾ, ನಿನ್ನ ಗಾಡಿಯಲ್ಲಿ ಸೆಟ್ ಮಾಡುವ ಟ್ಯಾಪೆಟ್ಟೇ ಇಲ್ಲ. ನಿನ್ನದರಂಥ ಯುಸಿಇ (ಇಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರುವ) ಇಂಜಿನ್‌ನಲ್ಲಿ ಆಯಿಲ್ ಒತ್ತಡದಿಂದ ತಾನೇ ಹೊಂದಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇರುತ್ತವೆ. ಅದಕ್ಕೆ ದುಡ್ಡು ಕೊಡಬೇಡ.

ಕಾರಣ ಸೈಲೆನ್ಸರ್ರೇ. ಹೊಗೆ ಸರಾಗವಾಗಿ ಹೊರಗೆ ಹೋದಷ್ಟೂ ಇಂಜಿನ್ ಗಾಳಿ ಜಾಸ್ತಿ ಎಳೆಯುತ್ತದೆ. ಆದರೆ ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತು) ಹಳೆಯದೇ, ಪೆಟ್ರೋಲ್ ಅದೇ ಲೆಕ್ಕದಲ್ಲಿ ಬರುತ್ತದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಆದರೆ ಇಂಜಿನ್ ಕಾಯುತ್ತದೆ. ಈಗ ಬಂಕಿನಲ್ಲಿ ಸಿಗೋದು 20% ಎಥನಾಲ್ ಸೇರಿದ ಪೆಟ್ರೋಲ್, ಅದು ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದರ ಮೇಲೆ ವಿಜಯಪುರದ ಏಪ್ರಿಲ್ ಬಿಸಿಲು. ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡು. ತುದಿ ಇಟ್ಟಂಗಿ ಬಣ್ಣ ಇದ್ದರೆ ಸರಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ನಾನು ಹೇಳಿದ್ದೇ ನಿಜ. ಹಾಗೇ ಓಡಿಸಿದರೆ ಇವತ್ತಲ್ಲ ನಾಳೆ ಪಿಸ್ಟನ್ ಜಾಮ್ ಆಗಿ ಹಿಡಿಯುತ್ತದೆ. ಕಂಪನಿ ಸೈಲೆನ್ಸರ್ ಮನೆಯಲ್ಲಿದ್ದರೆ ಇವತ್ತೇ ವಾಪಸ್ ಹಾಕಿಸು.

ಕಾನೂನೂ ನಿನ್ನ ಕಡೆ ಇಲ್ಲ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಆಸ್ಪತ್ರೆ ಮುಂದೆ ಆ ಸೌಂಡ್ ಮಾಡಿಕೊಂಡು ಹೋಗೋದೂ ಸರಿಯಲ್ಲ ಅಲ್ವಾ?

ಪ್ರಶ್ನೆ: ನಾನು, ಮನೆಯವರು ಇಬ್ಬರೂ ಹಳೇ ಥಂಡರ್‌ಬರ್ಡ್‌ನಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಸುತ್ತಿ ಬರಬೇಕು ಅಂತಿದ್ದೇವೆ. ಸೈಡ್ ಬ್ಯಾಗ್, ಎರಡು ಎಕ್ಸ್‌ಟ್ರಾ ಲೈಟ್ ಹಾಕಿಸಬೇಕು. ಸೀರೆ ಗಾರ್ಡ್ ತೆಗೆದರೆ ಬ್ಯಾಗ್ ಚೆನ್ನಾಗಿ ಕೂರುತ್ತದೆ ಅಂತಾರೆ.
(ಓದುಗರೊಬ್ಬರು, ಗೋಕಾಕ)

ಉತ್ತರ: ಸೀರೆ ಗಾರ್ಡ್ ತೆಗೆಯಲೇಬೇಡಿ. ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚಿರಬೇಕು, ಹಿಂದೆ ಕೂತವರಿಗೆ ಹಿಡಿಕೆ ಇರಬೇಕು ಅಂತ ನಿಯಮವೇ ಇದೆ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಗಾರ್ಡಿನ ಹೊರಗೆ ಕಬ್ಬಿಣದ ಫ್ರೇಮ್ ಮಾಡಿಸಿ ಅದರ ಮೇಲೆ ಬ್ಯಾಗ್ ಕೂರಿಸಿ. ಸೈಲೆನ್ಸರ್ ಕಡೆ ನಾಲ್ಕು ಬೆರಳು ಸಂದಿ ಬಿಡಿ, ಇಲ್ಲದಿದ್ದರೆ ಬ್ಯಾಗ್ ತಳ ಸುಡುತ್ತದೆ. ಭಾರದ ಸಾಮಾನು ಬ್ಯಾಗಿನ ತಳಕ್ಕೆ, ಸೀಟಿನ ಹತ್ತಿರಕ್ಕೆ ಬರಲಿ. ಹಿಂದಿನ ಆಕ್ಸಲ್ ದಾಟಿ ಭಾರ ಹೋದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ನಡುಗುತ್ತದೆ. ಶಾಕ್ ಅಬ್ಸಾರ್ಬರ್ ಒಂದು ಹಂತ ಟೈಟ್ ಮಾಡಿ, ಎರಡೂ ಕಡೆ ಒಂದೇ ಸಮ ಇರಬೇಕು.

ಟೈರ್ ವಯಸ್ಸು ನೋಡಿದ್ದೀರಾ? ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2314 ಅಂತಿದ್ದರೆ 2014ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೀರು ಚೆನ್ನಾಗಿ ಕಂಡರೂ ಅಷ್ಟು ಹಳೇ ರಬ್ಬರ್ ಕಲ್ಲಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಬ್ಯಾಗಿಗಿಂತ ಮೊದಲು ಟೈರ್ ತನ್ನಿ.

ಲೈಟ್ ಲೆಕ್ಕ ಹೀಗೆ. 40 ವ್ಯಾಟಿನ ಎರಡು ಲೈಟ್ ಅಂದರೆ 80 ವ್ಯಾಟ್, 12 ವೋಲ್ಟಿಗೆ ಸುಮಾರು 7 ಆಂಪಿಯರ್. ಹೆಡ್‌ಲೈಟ್ ವೈರಿನಿಂದಲೇ ಎಳೆದು ಕೊಟ್ಟರೆ ಹದಿನೈದು ವರ್ಷದ ಹಳೇ ಸ್ವಿಚ್ ಅದನ್ನು ತಡೆಯುವುದಿಲ್ಲ, ಕರಗುತ್ತದೆ. ಬ್ಯಾಟರಿಯಿಂದ ನೇರ ವೈರ್, ಬ್ಯಾಟರಿ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್, ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್). ಹ್ಯಾಂಡಲ್ ಸ್ವಿಚ್ ಬರೀ ರಿಲೇಗೆ ಮಾತ್ರ. ಎಲ್ಲ ಲೈಟ್ ಹಾಕಿ, ಇಂಜಿನ್ ಸ್ವಲ್ಪ ರೇಸ್ ಮಾಡಿ ಬ್ಯಾಟರಿಗೆ ಮೀಟರ್ ಹಿಡಿಯಿರಿ. 13 ವೋಲ್ಟಿಗಿಂತ ಮೇಲಿದ್ದರೆ ಸರಿ. 12.5ಕ್ಕೆ ಇಳಿದರೆ ಬ್ಯಾಟರಿ ಖಾಲಿಯಾಗುತ್ತಿದೆ, ಕಡಿಮೆ ವ್ಯಾಟಿನ ಲೈಟ್ ಹಾಕಿ. ಬೆಳಕು ಎದುರಿನವರ ಕಣ್ಣಿಗೆ ಬೀಳದ ಹಾಗೆ ನೆಲಕ್ಕೆ ಬಗ್ಗಿಸಿ.

ಲೈಟ್ ಇದ್ದರೂ ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ರಾತ್ರಿ ಗಾಡಿ ಹೊಡೆಯಬೇಡಿ ಅನ್ನೋದೇ ನನ್ನ ಮಾತು. ಗೋಕಾಕ, ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರಾಲಿ, ಎಷ್ಟೋ ಸಲ ಹಿಂದೆ ಕೆಂಪು ದೀಪವೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಎದುರಿನ ಲಾರಿ ಬೆಳಕಿಗೆ ಕಣ್ಣು ಕತ್ತಲೆ ಬಂದ ಆ ಎರಡು ಸೆಕೆಂಡಿನಲ್ಲೇ ಟ್ರಾಲಿ ಮುಂದಿರುತ್ತದೆ. ಬೆಳಿಗ್ಗೆ ಐದೂವರೆ, ಆರಕ್ಕೆ ಬಿಟ್ಟು ಹೊತ್ತು ಮುಳುಗುವ ಮುಂಚೆ ತಂಗುವ ಹಾಗೆ ಹೊಂದಿಸಿಕೊಳ್ಳಿ. ನಿಮ್ಮ ಬ್ಯಾಗಿನ ಹಿಂದೆಯೂ ರೇಡಿಯಂ ಪಟ್ಟಿ ಅಂಟಿಸಿ.

ಪ್ರಶ್ನೆ: ಮಳೆಗಾಲ ಪೂರ್ತಿ ಗಾಡಿ ತೆಗೆಯುವುದಿಲ್ಲ. ಟ್ಯಾಂಕ್ ತುಂಬಿಸಿ ಇಡಲಾ, ಖಾಲಿ ಮಾಡಲಾ?
(ಓದುಗರೊಬ್ಬರು, ಖಾನಾಪುರ)

ಉತ್ತರ: ಹಿಂದೆ ತುಂಬಿಸಿಡಿ ಅಂತಿದ್ದೆವು. ಈಗಿನ ಪೆಟ್ರೋಲಿನ ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಿಮ್ಮ ಖಾನಾಪುರದ ಮಳೆಯಲ್ಲಿ ತೇವಕ್ಕೆ ಕೊರತೆ ಇಲ್ಲ. ಹಾಗಾಗಿ ಟ್ಯಾಂಕ್ ಖಾಲಿ ಮಾಡಿ, ಒಣಗಿಸಿ, ಒಳಗೆ ಸ್ವಲ್ಪ ಆಯಿಲ್ ಆಡಿಸಿ. ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಬಿಚ್ಚಿ ಅಲ್ಲಿರುವುದನ್ನೂ ಬಿಡಿ. ಹಳೇ ಪೆಟ್ರೋಲ್ ಪೈಪ್ ಬೆರಳಲ್ಲಿ ಮಡಚಿದಾಗ ಬಿರುಕು ಕಂಡರೆ ಹೊಸದು ಹಾಕಿ.

ಪ್ರಶ್ನೆ: ಎರಿ ಮಣ್ಣಿನ ದಾರಿಯಲ್ಲಿ ಮಳೆ ಬಂದರೆ ಮಡ್‌ಗಾರ್ಡ್ ತುಂಬಿ ಚಕ್ರವೇ ನಿಂತುಬಿಡುತ್ತದೆ. ಚೈನ್ ಕೂಡ ಬೇಗ ಹಾಳಾಗುತ್ತಿದೆ.
(ಓದುಗರೊಬ್ಬರು, ಇಂಡಿ ತಾಲ್ಲೂಕು)

ಉತ್ತರ: ಎರಿ ಹಸಿ ಇದ್ದಾಗ ರೇಸ್ ಮಾಡಿ ಎಳೆಯಬೇಡಿ, ಕ್ಲಚ್ ಪ್ಲೇಟ್ ಸುಡುತ್ತದೆ. ಇಳಿದು ಕಟ್ಟಿಗೆ ತುಂಡಿನಿಂದ ಕೆರೆದು ತೆಗೆಯಿರಿ. ಮನೆಗೆ ಬಂದ ದಿನವೇ ತೊಳೆಯಿರಿ, ಒಣಗಿದರೆ ಸಿಮೆಂಟಿನ ಹಾಗೆ ಕೂರುತ್ತದೆ. ಚೈನನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, 90 ನಂಬರಿನ ಗೇರ್ ಆಯಿಲ್ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಜಾಸ್ತಿ ಆಯಿಲ್ ಇದ್ದರೆ ಧೂಳು ಅಂಟಿ ಅರದ ಹಾಗೆ ತಿನ್ನುತ್ತದೆ. ಚಕ್ರ ತಿರುಗಿಸುತ್ತಾ ಚೈನ್ ಅತಿ ಬಿಗಿ ಇರುವ ಜಾಗ ಹುಡುಕಿ, ಅಲ್ಲಿ ಒಂದಿಂಚಿನಷ್ಟು ಆಟ ಇರಲಿ. ಸ್ಪ್ರಾಕೆಟ್ ಹಲ್ಲು ಕುಡುಗೋಲಿನ ಹಾಗೆ ಬಾಗಿದ್ದರೆ ಚೈನ್ ಒಂದನ್ನೇ ಬದಲಿಸಬೇಡಿ, ಪೂರ್ತಿ ಚೈನ್ ಸೆಟ್ ಹಾಕಿಸಿ.