ಲೇಸೋ, ಡಯಲೋ? ಮೊದಲು ಪಾದ ನೋಡಿಕೊಳ್ಳಿ

ಗೇರ್ ಬಗ್ಗೆ ಕೇಳಿ, ಬ್ರೇಕ್ ಬಗ್ಗೆ ಕೇಳಿ, ಖುಷಿಯಿಂದ ಹೇಳುತ್ತೇನೆ. ಆದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಗೀಗ ಒಂದೇ ರಾಗ. "ಸಾರ್, ಲೇಸ್ ಶೂ ತಗೊಳ್ಳಲಾ, ಡಯಲ್ ಶೂ ತಗೊಳ್ಳಲಾ?" ಅಂದರೆ ದಾರ ಕಟ್ಟುವ ಸೈಕಲ್ ಶೂ ಬೇಕೋ, ಗುಂಡಿ ತಿರುಗಿಸಿ ಬಿಗಿ ಮಾಡುವಂಥದ್ದು ಬೇಕೋ ಅಂತ. ಚಿಕ್ಕಮಗಳೂರಿನ ನನ್ನ ಅಂಗಡಿ ಬಾಗಿಲಲ್ಲೂ ಅದೇ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಅದೇ. ಒಂದೇ ಸಲ ಬರೆದು ಮುಗಿಸಿಬಿಡುತ್ತೇನೆ. ಶೂ ಅಟ್ಟೆಗೆ ಕೂರಿಸುವ ಕೊಂಡಿಯೇ ಕ್ಲೀಟ್, ಅದನ್ನು ಕಚ್ಚಿ ಹಿಡಿಯುವುದು ಕ್ಲಿಪ್ ಪೆಡಲ್. ಅದಕ್ಕೆ ಕಾಲು ಸಿಕ್ಕಿಸುವುದು ಹೇಗೆ ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಗೊತ್ತಿಲ್ಲದಿದ್ದರೆ ಹುಲ್ಲಿರುವ ಮೈದಾನಕ್ಕೆ ಹೋಗಿ ಒಂದು ವಾರ ಅಭ್ಯಾಸ ಮಾಡಿ. ನಾಲ್ಕು ಸಲ ಬೀಳುತ್ತೀರಿ. ಆಮೇಲೆ ಓದಿ.

ಭಾನುವಾರ ಹಾಸನದಿಂದ ಬೇಲೂರಿಗೆ ಹೋಗಿ ಬರುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಮುಳ್ಳಯ್ಯನಗಿರಿ ಹತ್ತುತ್ತೇನೆ. ಕ್ಲಿಪ್ ಪೆಡಲ್‌ಗೆ ಮೊದಲ ಶೂ ಕೊಳ್ಳಬೇಕು. ಲೇಸ್ ಹಳೇ ಕಾಲದ್ದು, ಡಯಲ್ ತಗೊಳ್ಳಿ ಎಂದು ಅಂಗಡಿಯಲ್ಲಿ ಹೇಳಿದರು. ಲೇಸಿನ ಶೂ ಮೂರು ಸಾವಿರ ಕಡಿಮೆ. ಯಾವುದು ಒಳ್ಳೆಯದು? (ಓದುಗರು, ಹಾಸನ)

ಲೇಸ್ ಹಳೆಯದು, ನಿಜ. ಇಡ್ಲಿಯೂ ಹಳೆಯದೇ.

1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಕ್ಲಿಪ್ ಪೆಡಲ್ ಮಾರುಕಟ್ಟೆಗೆ ತಂದಿತು. ಮರುವರ್ಷ ಬರ್ನಾರ್ ಇನೋ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಅದಕ್ಕೂ ಮುಂಚೆ ಬಹುತೇಕ ಎಲ್ಲರದ್ದೂ ಲೇಸ್ ಕಟ್ಟುವ ತೊಗಲಿನ ಶೂ, ಅದರ ಮೇಲೊಂದು ಪೆಡಲ್ ಪಟ್ಟಿ. ಆಮೇಲೆ ವೆಲ್ಕ್ರೋ ಬಂತು, ಕಟಕಟ ಎನ್ನುವ ಬಕಲ್ ಬಂತು, ಡಯಲ್ ಬಂತು. ಲೇಸಿನ ಕಥೆ ಮುಗಿಯಿತು ಎಂದುಕೊಂಡಿದ್ದಾಗ 2013ರ ಸುಮಾರಿಗೆ ಜಿರೋ ಕಂಪನಿ ಎಂಪೈರ್ ಎಂಬ ಲೇಸ್ ಶೂ ಮಾಡಿತು. ಅಮೆರಿಕದ ಟೇಲರ್ ಫಿನ್ನಿ ಅದನ್ನು ಹಾಕಿಕೊಂಡು ದೊಡ್ಡ ದೊಡ್ಡ ರೇಸ್ ಓಡಿದರು. ವೃತ್ತಿಪರರಿಗೆ ಆದದ್ದು ಭಾನುವಾರ ಹಗರೆಯಲ್ಲಿ ಟೀ ಕುಡಿಯಲು ನಿಲ್ಲುವ ನಮಗೆ ಆಗುವುದಿಲ್ಲವೇ?

ಇನ್ನು ಡಯಲ್. 2001ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಶುರುವಾದ ಬೋವಾ ಎಂಬ ಕಂಪನಿ ಇದನ್ನು ಮೊದಲು ಹಾಕಿದ್ದು ಹಿಮದಲ್ಲಿ ಜಾರುವ ಸ್ನೋಬೋರ್ಡ್ ಬೂಟುಗಳಿಗೆ. ದಪ್ಪ ಕೈಗವಸು ಹಾಕಿಕೊಂಡು ಒಮ್ಮೆ ಲೇಸ್ ಕಟ್ಟಿ ನೋಡಿ, ಅಲ್ಲಿ ಅದು ಯಾಕೆ ಹಿಡಿಸಿತು ಅಂತ ಅರ್ಥವಾಗುತ್ತದೆ. ಸಣ್ಣ ತಂತಿಯೊಂದು ಶೂ ಮೇಲಿನ ಕೊಂಡಿಗಳಲ್ಲಿ ಹಾದು ಬಂದು ಡಯಲ್ ಒಳಗೆ ಸುತ್ತಿಕೊಳ್ಳುತ್ತದೆ. ತಿರುಗಿಸಿದರೆ ಬಿಗಿ. ಇದರ ನಿಜವಾದ ಲಾಭ ಒಂದೇ: ಸೈಕಲ್ ನಿಲ್ಲಿಸದೆ, ಒಂದೇ ಕೈಯಲ್ಲಿ, ಬಿಗಿ ಹೆಚ್ಚು ಕಡಿಮೆ ಮಾಡಬಹುದು.

ಅದು ದೊಡ್ಡ ಲಾಭವೇ. ಗಂಟೆಗಟ್ಟಲೆ ತುಳಿದರೆ, ಅದೂ ಬಿಸಿಲಲ್ಲಿ, ಪಾದ ಊದುತ್ತದೆ. ಬೆಳಿಗ್ಗೆ ಆರಕ್ಕೆ ಸರಿಯಾಗಿದ್ದ ಬಿಗಿ ಹತ್ತಕ್ಕೆ ಹಿಂಡಲು ಶುರು ಮಾಡುತ್ತದೆ. ಡಯಲ್ ಇದ್ದವರು ಎರಡು ಕ್ಲಿಕ್ ಸಡಿಲಿಸಿ ಮುಂದೆ ಹೋಗುತ್ತಾರೆ. ಲೇಸಿನವರು ನಿಲ್ಲಬೇಕು, ಬಗ್ಗಬೇಕು, ಬಿಚ್ಚಬೇಕು, ಕಟ್ಟಬೇಕು.

ಆದರೆ ಅಂಗಡಿಯವರು ಹೇಳದ ಮಾತೊಂದಿದೆ. ಎಲ್ಲ ಡಯಲೂ ಎರಡು ಕ್ಲಿಕ್ ಸಡಿಲವಾಗುವುದಿಲ್ಲ! ಕಡಿಮೆ ಬೆಲೆಯ ಶೂಗಳಲ್ಲಿ ಹೆಚ್ಚಾಗಿ ಬರುವ ಡಯಲ್ ಒಂದೇ ದಿಕ್ಕಿಗೆ ತಿರುಗುತ್ತದೆ. ಬಿಗಿಯಾಗುತ್ತದೆ ಅಷ್ಟೇ. ಸಡಿಲ ಮಾಡಬೇಕೆಂದರೆ ಮೇಲಕ್ಕೆ ಎಳೆಯಬೇಕು, ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಮತ್ತೆ ಮೊದಲಿಂದ ಬಿಗಿಯಬೇಕು. ಮುಳ್ಳಯ್ಯನಗಿರಿಯ ತಿರುವಿನಲ್ಲಿ, ಹಿಂದೆ ಜೀಪು ಹಾರನ್ ಹೊಡೆಯುತ್ತಿರುವಾಗ ಈ ಸರ್ಕಸ್ ಬೇಕಾ? ಬೋವಾದಲ್ಲೇ ಎರಡೂ ನಮೂನೆ ಇವೆ. ಎಲ್6 ಮೇಲಕ್ಕೆ ಎಳೆದು ಪೂರ್ತಿ ಬಿಡುವಂಥದ್ದು. ಎಲ್‌ಐ2 ಎರಡೂ ಕಡೆ ತಿರುಗುವಂಥದ್ದು. ಆದ್ದರಿಂದ ಅಂಗಡಿಯಲ್ಲಿ ಶೂ ಕೈಗೆ ತಗೊಂಡ ತಕ್ಷಣ ಡಯಲ್ ಹಿಂದಕ್ಕೆ ತಿರುಗಿಸಿ. ಒಂದೊಂದೇ ಕ್ಲಿಕ್ ಸಡಿಲವಾದರೆ ಡಯಲ್‌ಗೆ ಕೊಡುವ ದುಡ್ಡಿಗೆ ಅರ್ಥವಿದೆ. ಇಲ್ಲದಿದ್ದರೆ ನೀವು ಜಾಸ್ತಿ ದುಡ್ಡು ಕೊಟ್ಟು ಕೊಳ್ಳುತ್ತಿರುವುದು ನೋಟ ಮಾತ್ರ.

ಮುರಿದರೆ ಏನು ಅನ್ನುವುದು ನನಗೆ ಇನ್ನೂ ಮುಖ್ಯ. ಇದು ಅನುಭವಿಸಿ ಕಲಿತ ಪಾಠ. ಕೆಲವು ವರ್ಷದ ಹಿಂದೆ ಜುಲೈನಲ್ಲಿ, ಸುಮ್ನೆ ಶೋಕಿಗೆ, ಹೆಸರಿಲ್ಲದ ನಕಲಿ ಡಯಲ್ ಇದ್ದ ಅಗ್ಗದ ಶೂ ಹಾಕಿಕೊಂಡು ಬಾಬಾಬುಡನ್‌ಗಿರಿ ಕಡೆ ಹೋಗಿದ್ದೆ. ಅತ್ತಿಗುಂಡಿ ಹತ್ತಿರ ಡಯಲ್ ಒಳಗೆ ಟಿಕ್ ಎಂದು ಸದ್ದಾಯಿತು. ತಂತಿ ಸಡಿಲವಾಗಿ ನೇತಾಡಿತು. ಜಡಿಮಳೆ, ಹತ್ತು ಅಡಿ ಮುಂದೆ ಕಾಣದ ಮಂಜು. ಬಲಗಾಲಿನ ಶೂ ಅಜ್ಜನ ಚಪ್ಪಲಿ ಹಾಗೆ ಲೊಚಗುಟ್ಟುತ್ತಿತ್ತು. ಪೆಟ್ಟಿಗೆ ಅಂಗಡಿಯೊಂದರಲ್ಲಿ ಗೋಣಿ ಹೊಲಿಯುವ ದಾರ ಕೇಳಿ ತಗೊಂಡು, ಆ ಕೊಂಡಿಗಳಿಗೇ ಅಡ್ಡಡ್ಡ ಪೋಣಿಸಿ ಗಂಟು ಹಾಕಿ ಇಳಿದು ಬಂದೆ. ಅಂದರೆ ಏನು ಮಾಡಿದೆ? ಲೇಸ್ ಕಟ್ಟಿದೆ!

ಅಸಲಿ ಡಯಲ್ ಇಷ್ಟು ಬೇಗ ಕೈಕೊಡುವುದಿಲ್ಲ. ಬೋವಾ ಕಂಪನಿ ತನ್ನ ಡಯಲ್ ಮತ್ತು ತಂತಿಗೆ ಆ ಶೂ ಬಾಳುವವರೆಗೆ ಗ್ಯಾರಂಟಿ ಕೊಡುತ್ತದೆ. ಆದರೆ ಬಿಡಿಭಾಗ ಪೋಸ್ಟಿನಲ್ಲಿ ಬರಬೇಕು, ಬರುವ ತನಕ ಕಾಯಬೇಕು. ಲೇಸ್ ಹರಿದರೆ ಕೊಟ್ಟಿಗೆಹಾರದ ಯಾವುದಾದರೂ ಅಂಗಡಿಯಲ್ಲಿ ಏನಾದರೊಂದು ದಾರ ಸಿಗುತ್ತದೆ.

"ಲೇಸ್ ದಾರಿಯಲ್ಲಿ ಬಿಚ್ಚಿಕೊಳ್ಳುತ್ತೆ ಅಲ್ವಾ?" ಅನ್ನುತ್ತೀರಿ. ಇದಕ್ಕೆ ಒಂದು ಕುತೂಹಲದ ಉತ್ತರವಿದೆ. 2017ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎಂಜಿನಿಯರುಗಳು ಲೇಸ್ ತಾನಾಗಿ ಯಾಕೆ ಬಿಚ್ಚಿಕೊಳ್ಳುತ್ತದೆ ಎಂದು ಕ್ಯಾಮೆರಾ ಇಟ್ಟು ನೋಡಿದರು. ಓಡುವಾಗ ಪಾದ ನೆಲಕ್ಕೆ ಅಪ್ಪಳಿಸಿ ಗಂಟು ಸಡಿಲವಾಗುತ್ತದೆ, ಕಾಲು ಬೀಸಿದಾಗ ಲೇಸಿನ ತುದಿಗಳು ಗಂಟನ್ನು ಎಳೆಯುತ್ತವೆ. ಎರಡೂ ಸೇರಿದರೇ ಬಿಚ್ಚುವುದು, ಒಂದರಿಂದ ಆಗುವುದಿಲ್ಲ. ಸೈಕಲ್ ಮೇಲೆ ಪಾದ ಎಲ್ಲಿ ಅಪ್ಪಳಿಸುತ್ತದೆ? ಸುಮ್ನೆ ಸುತ್ತುತ್ತದೆ ಅಷ್ಟೇ. ಹಾಗಾಗಿ ಸೈಕಲ್ ಮೇಲೆ ಬಿಚ್ಚಿಕೊಳ್ಳುವ ಲೇಸ್ ಎಂದರೆ ನನ್ನ ಅನುಮಾನ ಮೊದಲು ಕಟ್ಟಿದವರ ಮೇಲೆಯೇ. ಕಟ್ಟಿದ ಮೇಲೆ ಕುಣಿಕೆಗಳು ಶೂಗೆ ಅಡ್ಡಡ್ಡ ಮಲಗಿದರೆ ಗಂಟು ಸರಿ. ಒಂದು ಕಾಲ್ಬೆರಳ ಕಡೆ, ಒಂದು ಹಿಮ್ಮಡಿ ಕಡೆ ತಿರುಗಿ ನಿಂತರೆ ಗಂಟು ತಪ್ಪು. ಆಗ ಮೊದಲ ಗಂಟಿನಲ್ಲಿ ಎಡದ ತುದಿ ಮೇಲೆ ಬರುತ್ತಿದ್ದರೆ ಬಲದ್ದು ಮೇಲೆ ಬರುವ ಹಾಗೆ ಹಾಕಿ, ಸರಿಹೋಗುತ್ತದೆ. ಐವತ್ತು ವರ್ಷದ ದೊಡ್ಡವರೂ ಇದನ್ನು ತಪ್ಪು ಕಟ್ಟುತ್ತಾರೆ, ನನ್ನ ಅಂಗಡಿಯಲ್ಲೇ ದಿನಾ ನೋಡುತ್ತೇನೆ.

ಲೇಸಿನ ನಿಜವಾದ ಅಪಾಯ ಬೇರೆ, ಮತ್ತು ಇದರಲ್ಲಿ ನಾನು ಬಲು ಪುಕ್ಕಲು. ಬಲಗಡೆಯ ಉದ್ದ ಕುಣಿಕೆ ಚೈನ್ ವ್ಹೀಲಿಗೆ ಸಿಕ್ಕಿಕೊಳ್ಳಬಹುದು. ಸಿಕ್ಕರೆ ಕಾಲು ಪೆಡಲ್‌ನಿಂದ ಬಿಡಿಸಲು ಆಗುವುದಿಲ್ಲ, ಲಾರಿ ಪಕ್ಕದಲ್ಲೇ ಬಿದ್ದರೂ ಬಿದ್ದಿರಿ. ಸೈಕಲ್ ಶೂಗಳಲ್ಲಿ ನಾಲಿಗೆಯ ಮೇಲೆ ಸಣ್ಣ ಎಲಾಸ್ಟಿಕ್ ಪಟ್ಟಿ ಕೊಟ್ಟಿರುತ್ತಾರೆ. ಅದು ಅಲಂಕಾರಕ್ಕಲ್ಲ. ಕುಣಿಕೆ, ತುದಿ ಎಲ್ಲವನ್ನೂ ಅದರೊಳಗೆ ತುರುಕಿ. ಪಟ್ಟಿ ಇಲ್ಲದ ಲೇಸ್ ಶೂ ಕೊಳ್ಳಲೇಬೇಡಿ. ಲೇಸ್ ಉದ್ದ ಜಾಸ್ತಿ ಇದ್ದರೆ ಗಿಡ್ಡದು ಹಾಕಿಸಿ. ಹತ್ತಿ ಲೇಸ್ ಬೇಡ, ಮಳೆಯಲ್ಲಿ ನೀರು ಕುಡಿದು ಗಂಟು ಕಲ್ಲಾಗುತ್ತದೆ. ಪಾಲಿಯೆಸ್ಟರಿನ ಚಪ್ಪಟೆ ಲೇಸ್ ಇರಲಿ.

ಕಟ್ಟುವುದರಲ್ಲೂ ಒಂದು ಕ್ರಮವಿದೆ. ಬೆರಳ ಹತ್ತಿರದ ತೂತುಗಳಲ್ಲಿ ಸಡಿಲ, ನಡುವೆ ಹಿತವಾಗಿ, ಕಣಕಾಲ ಹತ್ತಿರ ಬಿಗಿ. ಎದ್ದು ನಿಂತು ತುಳಿದಾಗ ಹಿಮ್ಮಡಿ ಮೇಲೇಳಬಾರದು, ಬೆರಳು ಆಡಬೇಕು. ಇದು ಲೇಸಿನಲ್ಲಿ ಆಗುವಷ್ಟು ಚೆನ್ನಾಗಿ ಒಂದೇ ಡಯಲ್‌ನ ಶೂನಲ್ಲಿ ಆಗುವುದಿಲ್ಲ. ಅಲ್ಲಿ ಒಂದೇ ತಂತಿ ಎಲ್ಲ ಕಡೆ ಒಟ್ಟಿಗೆ ಎಳೆಯುತ್ತದೆ. ಎರಡು ಡಯಲ್ ಇದ್ದರೆ ಸುಮಾರಾಗಿ ಆಗುತ್ತದೆ. ಪಾದದ ಬೆನ್ನು ಎತ್ತರ ಇದ್ದವರು, ಅದರ ಮೇಲೆ ನೋವಿರುವವರು, ನೋಯುವ ಜಾಗದಲ್ಲಿ ಅಡ್ಡ ಹಾಕದೆ ಲೇಸನ್ನು ಪಕ್ಕದಲ್ಲೇ ನೇರ ಮೇಲಿನ ತೂತಿಗೆ ಪೋಣಿಸಬಹುದು. ಮುಳ್ಳಯ್ಯನಗಿರಿಗೆ ಹೋಗುವವರು ಊರಲ್ಲಿ ಸಡಿಲ ಕಟ್ಟಿಕೊಂಡು ಹೊರಟು, ಬೆಟ್ಟದ ಬುಡದ ಕೈಮರ ಊರಿನಲ್ಲಿ ನಿಂತು ಇನ್ನೊಮ್ಮೆ ಕಟ್ಟಿ. ಅಷ್ಟರಲ್ಲಿ ಪಾದ ಬಿಸಿಯಾಗಿ ತನ್ನ ನಿಜವಾದ ಅಳತೆಗೆ ಬಂದಿರುತ್ತದೆ. ಹೇಗಿದ್ದರೂ ಅಲ್ಲಿ ಎಲ್ಲರೂ ನಿಲ್ಲುತ್ತೀರಿ.

ಹಾಗಾದರೆ ಡಯಲ್ ಯಾರಿಗೆ? 200 ಕಿಲೋಮೀಟರ್ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸುವ ದೂರದ ಸವಾರಿ, ಮಾಡುವವರಿಗೆ. ಅಲ್ಲಿ ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಪಾದ ಮೂರು ಸಲ ಆಕಾರ ಬದಲಿಸುತ್ತದೆ. ಬೆರಳ ಗಂಟುನೋವು ಇರುವವರಿಗೆ. ಸೊಂಟ ಬಗ್ಗದವರಿಗೆ. ಅವರು ಕಣ್ಣುಮುಚ್ಚಿ ಡಯಲ್ ತಗೊಳ್ಳಲಿ, ಎರಡೂ ಕಡೆ ತಿರುಗುವಂಥದ್ದು.

ಹಾಸನದವರೇ, ನಿಮಗೆ ಲೇಸ್ ಸಾಕು. ಆದರೆ ಒಂದು ಷರತ್ತು. ಮೊದಲು ಪಾದಕ್ಕೆ ಸರಿಯಾದ ಅಗಲದ ಶೂ ಸಿಗಬೇಕು. ಲೇಸಿನದ್ದು ಇಕ್ಕಟ್ಟಾಗಿ ಡಯಲಿನದ್ದು ಹಿತವಾಗಿದ್ದರೆ ನಾನು ಮೇಲೆ ಬರೆದದ್ದೆಲ್ಲ ಮರೆತು ಡಯಲೇ ತಗೊಳ್ಳಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಓಡಿಸುವಾಗ ಹಾಕುವ ಕಾಲುಚೀಲವೇ ಇರಲಿ. ಶೂ ಒಳಗಿನ ಇನ್‌ಸೋಲ್ ಎಳೆದು ನೆಲಕ್ಕೆ ಹಾಕಿ ಅದರ ಮೇಲೆ ನಿಲ್ಲಿ. ಪಾದ ಪಕ್ಕಕ್ಕೆ ಚೆಲ್ಲಿದರೆ ಆ ಶೂ ವಾಪಸ್ ಪೆಟ್ಟಿಗೆಗೆ. ಉಳಿದ ಮೂರು ಸಾವಿರದಲ್ಲಿ ಒಳ್ಳೆಯ ಹಿಂದಿನ ಲೈಟ್ ತಗೊಳ್ಳಿ. ಬೇಲೂರು ರಸ್ತೆಯ ಬೆಳಗಿನ ಮಂಜು ನನಗೂ ಗೊತ್ತು.

ಗುಡ್ಡ ಹತ್ತುವಾಗ ಕಾಲ್ಬೆರಳು ಜೋಮು ಹಿಡಿಯುತ್ತವೆ. ನರ ದೌರ್ಬಲ್ಯ ಎಂದು ಒಬ್ಬರು ಎಣ್ಣೆ ಕೊಟ್ಟಿದ್ದಾರೆ. ಎರಡು ತಿಂಗಳಾಯಿತು, ಗುಣವಿಲ್ಲ. ಡಯಲ್ ಶೂ ಹಾಕಿದರೆ ಹೋಗುತ್ತಾ? (ಓದುಗರು, ಮೂಡಿಗೆರೆ)

ಆ ಎಣ್ಣೆಯನ್ನು ಚೈನಿಗೆ ಹಾಕಿ. ಬೇಡ, ಚೈನಿಗೂ ಹಾಕಬೇಡಿ, ಮಣ್ಣು ಅಂಟುತ್ತದೆ.

ಸೈಕಲ್ ಮೇಲೆ ಮಾತ್ರ ಜೋಮು, ಇಳಿದು ಹತ್ತು ನಿಮಿಷ ನಡೆದರೆ ಮಾಯ ಅಂದರೆ ಮುಕ್ಕಾಲು ಪಾಲು ಶೂ ತಪ್ಪು. ಗುಡ್ಡದಲ್ಲಿ ನಿಮಿಷಕ್ಕೆ ಅರವತ್ತು ಸುತ್ತು ಎಂದರೂ ಗಂಟೆಗೆ 3,600 ಸಲ ಅದೇ ಜಾಗ ಒತ್ತಿದ ಹಾಗಾಯಿತು. ಮುಂಪಾದ ಇಕ್ಕಟ್ಟಾಗಿದ್ದರೆ ಬೆರಳ ನಡುವಿನ ನರ ಏನು ಮಾಡಬೇಕು ಹೇಳಿ? ಮೊದಲು ಕೆಳಗಿನ ಎರಡು ತೂತು ಅಥವಾ ಕೆಳಗಿನ ಪಟ್ಟಿ ಸಡಿಲಿಸಿ. ಹೋಗದಿದ್ದರೆ ಕ್ಲೀಟನ್ನು ಮೂರು ನಾಲ್ಕು ಮಿಲಿಮೀಟರ್ ಹಿಮ್ಮಡಿ ಕಡೆ ಸರಿಸಿ. ಆಗಲೂ ಹೋಗದಿದ್ದರೆ ಅಗಲದ ಶೂ ನೋಡಿ. ಚಪ್ಪಲಿ ಕಚ್ಚಿದರೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ದಿನ ಹಾಕಿದರೆ ಪಳಗುತ್ತದೆ, ಸೈಕಲ್ ಶೂ ಹಾಗಲ್ಲ. ಪ್ಲಾಸ್ಟಿಕ್ ಅಥವಾ ಕಾರ್ಬನ್ ಅಟ್ಟೆ ಜನ್ಮದಲ್ಲಿ ಅಗಲವಾಗುವುದಿಲ್ಲ. "ಬಿಗಿ ಇದ್ದಷ್ಟೂ ಪವರ್ ಜಾಸ್ತಿ" ಎಂದು ಯಾರೋ ಹೇಳಿ ನೀವು ಹಿಂಡಿಕೊಂಡಿದ್ದರೆ ಅವರನ್ನು ನನ್ನ ಹತ್ತಿರ ಕಳಿಸಿ. ಪೆಡಲ್ ಒತ್ತುವುದು ಅಟ್ಟೆ. ಲೇಸ್ ಹಿಡಿಯುವುದು ಪಾದದ ಮೇಲ್ಭಾಗವನ್ನು.

ಮನೆಯಲ್ಲಿ ಕೂತಾಗಲೂ ಜೋಮು ಇದ್ದರೆ, ಉರಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಈ ಅಂಕಣ ಬಿಟ್ಟು ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಎಣ್ಣೆಯವರ ಹತ್ತಿರ ಅಲ್ಲ.

ವೆಲ್ಕ್ರೋ ಶೂ ಮಕ್ಕಳದ್ದು ಎಂದು ಗೆಳೆಯರು ನಗುತ್ತಾರೆ. ಬದಲಿಸಲಾ?

ಗೆಳೆಯರನ್ನು ಬದಲಿಸಿ. ಕೆಂಪು ಮಣ್ಣು ತುಂಬಿ ಹಿಡಿಯದಂತಾದರೆ ಒಣಗಿಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಸಿಕ್ಕಿದ ನೂಲನ್ನು ಸೂಜಿಯಲ್ಲಿ ತೆಗೆಯಿರಿ. ಮತ್ತೆ ಹಿಡಿಯುತ್ತದೆ.

ಹಳೇ ಬಕಲ್ ಶೂನ ಹಲ್ಲು ಜಾರುತ್ತಿದೆ. ಫೆವಿಕ್ವಿಕ್ ಹಾಕಲಾ?

ದಯವಿಟ್ಟು ಬೇಡ! ಪಟ್ಟಿ ಮತ್ತು ಬಕಲ್ ಸಾಮಾನ್ಯವಾಗಿ ಸ್ಕ್ರೂನಲ್ಲಿ ಕೂತಿರುತ್ತವೆ, ಬಿಚ್ಚಿ ಬೇರೆ ಹಾಕಬಹುದು. ಅಂಟಿಸಿದರೆ ಶೂ ಕಾಲಿನಿಂದ ಬಿಚ್ಚಲು ಕತ್ತರಿ ಬೇಕಾಗುತ್ತದೆ. ಒಬ್ಬರಿಗೆ ನಾನೇ ಕತ್ತರಿಸಿ ಕೊಟ್ಟಿದ್ದೇನೆ.

ಮಳೆಗಾಲದಲ್ಲಿ ಇಂಬಳ ಒಳಗೆ ಹೋಗದಿರಲು ಲೇಸ್ ಒಳ್ಳೆಯದಾ, ಡಯಲ್ ಒಳ್ಳೆಯದಾ? (ಓದುಗರು, ಸಕಲೇಶಪುರ)

ಇಂಬಳ ಲೇಸಿನ ತೂತಲ್ಲೂ ಹೋಗುತ್ತದೆ, ಡಯಲ್ ಶೂನ ಜಾಲರಿಯಲ್ಲೂ ಹೋಗುತ್ತದೆ. ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಹಚ್ಚಿ. ಬಿಸಿಲೆ ಕಾಡಿನಲ್ಲಿ ಲೇಸ್ ಕಟ್ಟಲು ರಸ್ತೆ ಪಕ್ಕದ ಹುಲ್ಲಲ್ಲಿ ನಿಲ್ಲಬೇಡಿ, ಟಾರು ಮೇಲೇ ನಿಲ್ಲಿ.